ಬ್ರೇಕಿಗೆ ನಿಲುಕದ ಕಾಲು

ಕಂಪನಿಯವರು ಬರುತ್ತಾರೆಂದು ಧನರಾಜ ಬೆಳಿಗ್ಗೆಯೇ ರೋಡ್ ರೋಲರಿನ ಕ್ಯಾಬಿನ್ ತೊಳೆದಿಟ್ಟಿದ್ದ. ತೊಳೆದದ್ದಷ್ಟೇ ಆಗಿದ್ದರೆ ಸುವರ್ಣಾಳಿಗೆ ಮೈ ಉರಿಯುತ್ತಿರಲಿಲ್ಲ. ಆಕೆ ಬೆನ್ನಿಗೆ ಒತ್ತು ಕೊಡುತ್ತಿದ್ದ ಮಡಿಸಿದ ಕಂಬಳಿ, ಬ್ರೇಕಿನ ಮೇಲೆ ಸೈಕಲ್ ಟ್ಯೂಬಿನಿಂದ ಬಿಗಿದುಕೊಂಡಿದ್ದ ಕಟ್ಟಿಗೆ ತುಂಡು, ಎರಡನ್ನೂ ಕಿತ್ತೆಸೆದಿದ್ದ ಪುಣ್ಯಾತ್ಮ.

"ಮಂದಿ ಬಂದಾಗ ಹರಕು ಮುರುಕು ತೋರಸ್ತಾರೇನು?" ಎಂದ.

ರೋಲರ್ ಧನರಾಜನದು. ಮಹಾರಾಷ್ಟ್ರದ ಗುಂಜೋಟಿಯಿಂದ ನಿಲಂಗಾದ ಕಡೆ ಹೋಗುವ ರಸ್ತೆಯಲ್ಲಿ ಅದನ್ನು ನಡೆಸುವವಳು ಸುವರ್ಣಾ, ಕುರಿಗಳ ಹಿಂದೆ ಹೋಗುವ ಅವನ ತಮ್ಮ ಸುನಿಲನ ಹೆಂಡತಿ. ಎತ್ತರದ ಗಂಡಸಿಗೆಂದು ಮಾಡಿದ ಸೀಟು ಮುಂದಕ್ಕೆ ಸರಿಯುವುದಿಲ್ಲ. ನೆಟ್ಟಗೆ ಕೂತರೆ ಆಕೆಯ ಕಾಲು ಬ್ರೇಕಿಗೆ ನಿಲುಕದು. ಕಂಬಳಿ, ಕಟ್ಟಿಗೆಗಳ ಉಪಾಯದಲ್ಲೇ ದಿನ ದೂಡುತ್ತಿದ್ದಳು. ಆದರೂ ಮೊನ್ನೆ ಕಟ್ಟಿಗೆ ಜಾರಿ, ಖಡಿಕಲ್ಲು ಹರಡುತ್ತಿದ್ದ ಕೂಲಿ ಹೆಂಗಸು ದ್ರೌಪದಿಯ ಸೆರಗಿನ ತನಕ ಹೋಗಿ ರೋಲರ್ ನಿಂತಿತ್ತು. ಹೊಸ ಕ್ಯಾಬಿನ್ ಹೇಗಿರಬೇಕೆಂದು ನಡೆಸುವವರನ್ನೇ ಕೇಳಲು ರೋಲರ್ ಮಾಡುವ ಕಂಪನಿಯವರು ಬರುವುದು ಇದೊಂದೇ ಸಲ. ಇವತ್ತು ಹೇಳದಿದ್ದರೆ ಇನ್ನೆಂದು?

ಬಂದವನು ಶೈಲೇಶ. ಪುಣೆ ಕಂಪನಿಯವನಾದರೂ ಉದಗೀರದವನು, ಕನ್ನಡ ಬಲ್ಲ. "ಅಕ್ಕಾರ, ನಿಮಗ ಇದರಾಗ ಕೂಡ್ಲಿಕ್ಕ ಏನರೆ ತ್ರಾಸ ಆಗ್ತದೇನ್ರೀ?" ಎಂದು ಸುವರ್ಣಾಳನ್ನೇ ಕೇಳಿದ.

ಭಾವನ ಎದುರಿಗೆ ತಮ್ಮನ ಹೆಂಡತಿ ಬಾಯಿ ಬಿಡುವ ಪದ್ಧತಿ ಆ ಮನೆಯಲ್ಲಿಲ್ಲ. ಆಕೆ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಧನರಾಜ, "ಕಾಹೀ ತ್ರಾಸ ನಾಹೀ ಸಾಹೇಬ, ಏನೂ ತ್ರಾಸಿಲ್ಲ! ನಮ್ಮ ಸುವರ್ಣಾ ಆರಾಮ ನಡಸ್ತಾಳ," ಎಂದುಬಿಟ್ಟ. ಬೆನ್ನು ನೋಯುತ್ತದೆಯೇ? ಇಲ್ಲ. ಮೊಣಕಾಲು? ಅದೂ ಇಲ್ಲ. ಬೆನ್ನು ತನ್ನದು, ಮೊಣಕಾಲು ತನ್ನದು, ಉತ್ತರ ಮಾತ್ರ ಭಾವನದು! ಸುವರ್ಣಾ ಕ್ಯಾಬಿನ್ ಹತ್ತಿ ಕೂತಳು.

ಶೈಲೇಶ ರೋಲರಿನ ಮುಂದೆ ನಿಂತು ಫೋಟೊಗೆ ಮೊಬೈಲ್ ಎತ್ತಿದ. ಧನರಾಜನೂ ಅವನ ಪಕ್ಕಕ್ಕೆ ಬಂದು ನಿಂತ.

"ಬ್ರೇಕ್ ಮ್ಯಾಲ ಕಾಲಿಡ್ರಿ ಅಕ್ಕಾರ," ಎಂದ ಶೈಲೇಶ.

ಕಾಲಿಡಬೇಕೆಂದರೆ ಸೀಟಿನಿಂದ ಜಾರಲೇಬೇಕು. ಸುವರ್ಣಾ ಜಾರಿದಳು. ಸೊಂಟ ಸೀಟಿನ ಅಂಚಿಗೆ ಬಂತು, ತಲೆ ಸ್ಟೇರಿಂಗಿನ ಕೆಳಗಿಳಿಯಿತು.

"ಅಕ್ಕಾರ, ನೀವ್ ಕಾಣ್ಸಂಗಿಲ್ರಿ!"

ಇಷ್ಟು ದಿನ ನುಂಗಿಕೊಂಡದ್ದು ಸಾಕೆನಿಸಿತು ಆಕೆಗೆ. ಭಾವನಿರಲಿ, ಯಾರೇ ಇರಲಿ. "ನನಗೂ ನೀವ್ ಇಬ್ಬರೂ ಕಾಣ್ಸಂಗಿಲ್ರಿ," ಎಂದಳು ಅಲ್ಲಿಂದಲೇ, ಗಟ್ಟಿಯಾಗಿ. "ಚಾಲೂ ಮಾಡ್ಲಿ?"

ಮೊದಲು ಪಕ್ಕಕ್ಕೆ ಹಾರಿದವನು ಧನರಾಜನೇ.