ಬಸುರಿಯ ಪಾಲಿನ ಕೊರಮೀನು

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ನಾನು ಚೊಚ್ಚಲ ಬಸುರಿ. ಮೀನು ತಿನ್ನುವ ಬಯಕೆ ಎಷ್ಟಿತ್ತೆಂದರೆ ಯಾರ ಮನೆಯಲ್ಲಿ ಹುಣಸೆಹುಳಿ ಕುದಿದರೂ ನನ್ನ ಬಾಯಲ್ಲಿ ನೀರೂರುತ್ತಿತ್ತು. ತಾಯಲೂರಿನ ಹತ್ತಿರದ ನಮ್ಮೂರಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ಕೆರೆಯ ನೀರು ಮೊಣಕಾಲಿಗೆ ಇಳಿದಾಗ ಊರೆಲ್ಲ ಒಂದೇ ದಿನ ಮೀನು ಹಿಡಿಯಬೇಕು. ಯಾರ ಬಲೆಗೆ ಬಿದ್ದರೂ ಸರಿ, ಎಲ್ಲಕ್ಕಿಂತ ದೊಡ್ಡ ಮೀನು ಬಸುರಿ ಇರುವ ಮನೆಗೆ. ಆ ವರ್ಷ ಊರಲ್ಲಿ ಬಸುರಿ ನಾನೊಬ್ಬಳೇ, ಪೈಪೋಟಿಯೇ ಇರಲಿಲ್ಲ.

ಮೀನು ಬಂತು. ತೋಳುದ್ದದ ಕೊರಮೀನು. ಊರ ಹಿರಿಯರಾದ ಆವಲಪ್ಪನವರು ತಾವೇ ಅದನ್ನು ಹೊತ್ತು ತಂದು ನಮ್ಮ ಮಾವ ಗಂಗುಲಪ್ಪನವರ ಕೈಗಿಟ್ಟು, ಜಗಲಿಯ ಮೇಲೆ ಕೂತು ಅದರ ಗುಣಗಾನ ಶುರುಮಾಡಿದರು. ಕೆಲವು ದಿನಗಳಿಂದ ಕೆರೆಯಲ್ಲಿ ಸಣ್ಣ ಮೀನುಗಳು ತೇಲಾಡಿ ಸಾಯುತ್ತಿದ್ದವು. ಬಿಸಿಲಿಗೆ ನೀರು ಕಾದಿದೆ ಎಂದು ಊರು ತೀರ್ಮಾನಿಸಿತ್ತು. ಅಷ್ಟರಲ್ಲೂ ಇದೊಂದು ಜಗ್ಗದೆ ಉಳಿದಿದೆ, ಇಂಥ ಗಟ್ಟಿ ಜೀವ ತಿಂದರೆ ಹುಟ್ಟುವ ಮಗುವೂ ಗಟ್ಟಿ ಎಂಬುದು ಅವರ ವಾದ. ಮಾವ ಆ ಮೀನನ್ನು ತಾವೇ ಸಾಕಿದಂತೆ ಬೀಗುತ್ತಿದ್ದರು. ನಾನು ಮಸಾಲೆ ರುಬ್ಬಲು ಕೂತೆ.

ಹಿತ್ತಲಲ್ಲಿ ನಮ್ಮ ಅತ್ತೆ ಮುನಿಶಾಮಮ್ಮ ಮೀನಿನ ಹೊಟ್ಟೆ ಸೀಳಿದವರು ಹಾಗೇ ಕೂತುಬಿಟ್ಟರು. ಒಳಗೆ ಸಣ್ಣ ಮೀನುಗಳು ಕಿಕ್ಕಿರಿದಿದ್ದವು.

"ಇದನ್ನ ಸಾರು ಮಾಡಲ್ಲ ಕಣೇ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆಯ ಜಿಪುಣತನ ಹೊಸದಲ್ಲ, ಆದರೆ ಬಿಟ್ಟಿ ಬಂದ ಮೀನಿಗೂ ಜಿಪುಣತನವೇ? ಗುಂಡುಕಲ್ಲನ್ನು ಧಡಕ್ಕನೆ ಬಿಟ್ಟೆ. ಅತ್ತೆ ಕ್ಯಾರೇ ಎನ್ನಲಿಲ್ಲ. ಮೀನನ್ನು ಮೊರದಲ್ಲಿಟ್ಟುಕೊಂಡು ಹೋಗಿ ಗಂಡಸರ ಮುಂದಿಟ್ಟು, ಯುಗಾದಿಯ ಹೊತ್ತಿಗೆ ನಮ್ಮ ಕೋಳಿಗಳಿಗೆ ಏನಾಯಿತೆಂದು ಮಾವನನ್ನು ಕೇಳಿದರು.

ಆಗಿದ್ದು ಎಲ್ಲರಿಗೂ ಗೊತ್ತಿತ್ತು. ಮಾವ ಟೊಮೇಟೊಗೆ ಹೊಡೆದ ಎಂಡ್ರಿನ್ ಎಂಬ ಹುಳದ ಔಷಧಿ ಗಾಳಿಗೆ ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದು, ಅದನ್ನು ಮೇಯ್ದ ರೇಷ್ಮೆಹುಳಗಳು ಸತ್ತಿದ್ದವು. ತಿಪ್ಪೆಗೆ ಎಸೆದ ಆ ಹುಳಗಳನ್ನು ಹೆಕ್ಕಿದ ಕೋಳಿಗಳೂ ಕಾಲು ಚಾಚಿದ್ದವು.

"ಸೊಪ್ಪು ತಿಂದಿದ್ದು ಹುಳ, ಸತ್ತಿದ್ದು ಕೋಳಿ," ಎಂದರು ಅತ್ತೆ. "ಇದು ಇನ್ನೆಷ್ಟು ಮೀನು ನುಂಗೈತೋ. ಅವುಗಳ ವಿಷವೆಲ್ಲ ಇದರ ಮೈಯಲ್ಲೇ ಕೂತೈತೆ."

ಕೆರೆಗೆ ವಿಷ ಎಲ್ಲಿಂದ ಬರಬೇಕು ಎಂದು ಆವಲಪ್ಪನವರು ಕೇಳಿದರು. ಅತ್ತೆ ಗಂಡನ ಹೆಸರೆತ್ತಲಿಲ್ಲ. ಮಾವನೂ ಸುಮ್ಮನಿರಬಹುದಿತ್ತು, ಊರಲ್ಲಿ ಟೊಮೇಟೊ ಬೆಳೆಯುವವರು ಅವರೊಬ್ಬರೇ ಅಲ್ಲ. ಆದರೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಅವರು ತಲೆ ತಗ್ಗಿಸಿದರು.

"ಔಷಧಿ ಹೊಡೆದ ಡಬ್ಬನ ಕೆರೇಲೇ ತೊಳೀತಿದ್ದೆ, ಆವಲಣ್ಣ. ನನ್ನ ಮೊಮ್ಮಗೂಗೆ ನಾನೇ ವಿಷ ಇಕ್ತಿದ್ದೆ."

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಈ ಮನೆಗೆ ಬಂದಂದಿನಿಂದ ಮಾವನ ಮೇಲೆ ನನಗೆ ಅಷ್ಟು ಪ್ರೀತಿ ಬಂದಿದ್ದು ಅವತ್ತೇ.

ತಮ್ಮ ಮಗನೂ ಅಲ್ಲೇ ತೊಳೆಯುವುದು ಎಂದು ಆವಲಪ್ಪನವರು ಮೆಲ್ಲಗೆ ಒಪ್ಪಿಕೊಂಡರು. ಮರುಕ್ಷಣ ಎದ್ದು ನಿಂತರು. ಊರಿನ ಒಲೆಗಳ ಮೇಲೆಲ್ಲ ಆ ಕೆರೆಯ ಮೀನೇ ಇತ್ತಲ್ಲ! ಇಬ್ಬರೂ ಪಂಚೆ ಎತ್ತಿ ಕಟ್ಟಿ ಬೀದಿಗೆ ಓಡಿದರು. ಮಡಕೆ ಇಳಿಸಲು ಹೋದ ಮಾವನನ್ನು ಪಕ್ಕದ ಮನೆಯ ಮುನಿಗಂಗಮ್ಮ ಸೌಟು ಹಿಡಿದು ಅಟ್ಟಿಸಿಕೊಂಡು ಬಂದಳು. ಅವತ್ತು ಊರೆಲ್ಲ ಮುದ್ದೆಗೆ ಬಸ್ಸಾರು ಉಂಡು ನಮ್ಮ ಮನೆಯವರಿಗೆ ಬೈಯಿತು.

ಮರುದಿನದಿಂದ ಮಾವ ಬೆಳಗ್ಗೆ ಸಂಜೆ ಕೆರೆ ಕಟ್ಟೆಯ ಮೇಲೆ ಕೂರತೊಡಗಿದರು. ಔಷಧಿ ಡಬ್ಬ ಹಿಡಿದು ಇಳಿದವರಿಗೆಲ್ಲ ಒಂದೇ ಮಾತು: "ನನ್ನ ಸೊಸೆ ಬಸುರಿ ಕಣೋ, ಅತ್ಲಾಗೆ ಹೋಗಿ ತೊಳ್ಕೊ."

ಮಗಳು ಹುಟ್ಟಿ, ನಡೆಯಲು ಕಲಿತು, ಅವರ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂರುವಂತಾದ ಮೇಲೂ ಮಾವ ಅದನ್ನೇ ಹೇಳುತ್ತಿದ್ದರು. ಎದುರು ಸಿಕ್ಕವರು ನನ್ನ ಹೊಟ್ಟೆ ನೋಡಿ ನಗುತ್ತಿದ್ದರು. ನಾನು ಒಮ್ಮೆಯೂ ಅಲ್ಲಗಳೆಯಲಿಲ್ಲ.