ಒಗೆದಷ್ಟೂ ಬೆಳೆದ ಗೌನು

ಬಟ್ಟೆ ಒಗೆದರೆ ಕುಗ್ಗುತ್ತೆ. ಇದು ನಿಮಗೂ ಗೊತ್ತು, ನನಗೂ ಗೊತ್ತು. ಮೂವತ್ತು ವರ್ಷದಿಂದ ಹೊಲಿಗೆ ಅಂಗಡಿ ನಡೆಸ್ತಿದ್ದೀನಿ. ಒಗೆದಷ್ಟೂ ಉದ್ದ ಆಗೋ ಬಟ್ಟೆ ನೋಡಿದ್ದು ಒಂದೇ ಕಡೆ, ನಮ್ಮ ಅಕ್ಕನ ಮೈಮೇಲೆ.

ಅಕ್ಕನಿಗೆ ಅರವತ್ತೊಂದು. ನಾವಿಬ್ಬರೂ ಒಂದೇ ಮನೇಲಿರೋದು, ಮುಂದಿನ ಕೋಣೇನೇ ಅಂಗಡಿ. ನಾನು ಕತ್ತರಿಸಿ ಹೊಲೀತೀನಿ, ಅವಳು ಗಾಜಿನ ಕಿಟಕಿ ಪಕ್ಕ ಕೂತು ಗುಂಡಿ ಹಾಕ್ತಾಳೆ. ಏಳು ವರ್ಷದ ಹಿಂದೆ ಅವಳಿಗೆ ನಾಲ್ಕು ಉದ್ದನೆ ಗೌನು ಹೊಲಿದುಕೊಟ್ಟಿದ್ದೆ. ನೆಲದಿಂದ ಸರಿಯಾಗಿ ಎರಡು ಬೆರಳು ಮೇಲೆ. ಎರಡು ವರ್ಷ ಕಳೆಯೋದರೊಳಗೆ ನಾಲ್ಕೂ ನೆಲ ಮುಟ್ಟಿದವು.

"ಏನೇ ಇದು, ಹೀಗೆ ಹೊಲಿದಿದ್ದೀಯ?" ಅಂದಳು.

"ಬಟ್ಟೆ ಜೋಲಿದೆ, ತಾ ಇಲ್ಲಿ" ಅಂತ ಒಂದು ಬೆರಳು ಮಡಚಿ ಹೊಲಿದೆ. ಮುಂದಿನ ವರ್ಷ ಮತ್ತೆ ಅದೇ ಕಥೆ. ಅದರಲ್ಲೂ ಮುಂದಿನ ಅಂಚು ಜಾಸ್ತಿ ಎಳೆದಾಡ್ತಿತ್ತು, ಹಿಂದಿನದು ಮೇಲೆ ಎದ್ದಿತ್ತು. ಹೊಸದೊಂದು ಹೊಲಿದೆ, ಅಳತೆ ಪುಸ್ತಕ ಎದುರಿಗಿಟ್ಟುಕೊಂಡು. ಅದೂ ಉದ್ದ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಬಟ್ಟೆ ಡೊಂಕು ಅಂದೆ. ಆಮೇಲಿಂದ ಅವಳನ್ನ ಕೇಳೋದನ್ನೇ ಬಿಟ್ಟೆ. ಅವಳು ಸ್ನಾನಕ್ಕೆ ಹೋದಾಗ ಗುಟ್ಟಾಗಿ ಅಂಚು ಮಡಚಿ ಹೊಲಿದು, ಹಾಗೇ ನೇತುಹಾಕ್ತಿದ್ದೆ. ದರ್ಜಿಯ ಅಳತೆ ಕೆಟ್ಟಿದೆ ಅಂತ ಬೀದಿಗೆ ಗೊತ್ತಾದರೆ ಯಾರು ಬರ್ತಾರೆ ಹೇಳಿ.

ಒಂದು ಮಧ್ಯಾಹ್ನ ಅಕ್ಕ ಸೂಜಿ ಕೆಳಗಿಟ್ಟು ಮೆಲ್ಲಗೆ ಅಂದಳು, "ಈ ಮನೇಲಿ ಯಾರೋ ಇದ್ದಾರೆ ಕಣೇ."

"ಇದ್ದೀವಲ್ಲ, ನಾನು, ನೀನು."

"ತಮಾಷೆ ಬೇಡ. ಸಾಮಾನು ಎತ್ತರಕ್ಕೆ ಸರಿಸ್ತಿದ್ದಾರೆ. ದಿನಾ ಇಷ್ಟಿಷ್ಟೇ. ಸಾರಿನ ಪಾತ್ರೆ ಇಡೋ ಅಟ್ಟಣಿಗೆ ನನ್ನ ಕೈಗೆ ಎಟಕ್ತಿತ್ತು, ಈಗ ಬೆರಳ ತುದಿ ತಾಗುತ್ತೆ ಅಷ್ಟೆ. ಬಚ್ಚಲಿನ ಕನ್ನಡೀಲಿ ಮೊದಲು ಕುತ್ತಿಗೆವರೆಗೂ ಕಾಣ್ತಿದ್ದೆ. ಇವತ್ತು ನೋಡಿದೆ, ಬಾಯೇ ಇಲ್ಲ. ಬರೀ ಕಣ್ಣು ನನ್ನನ್ನ ನೋಡ್ತಿದ್ದವು."

ನನಗೆ ನಗು ಬಂತು. ಅರ್ಧಕ್ಕೇ ನಿಂತುಹೋಯ್ತು.

"ಇನ್ನೊಂದಿದೆ" ಅಂದಳು. "ನಡುಮನೇಲಿ ನಡೆದರೆ ಯಾರೋ ಜೊತೆಗೇ ಬರ್ತಾರೆ. ನಾನು ನಿಂತರೆ ನಿಲ್ತಾರೆ. ಕೇಳು ಬೇಕಾದ್ರೆ."

ಎದ್ದು ಒಳಗೆ ನಡೆದಳು. ಮಟಮಟ ಮಧ್ಯಾಹ್ನ, ಬೀದೀಲೂ ಸದ್ದಿಲ್ಲ. ಸರ್... ಸರ್... ಸರ್... ನನಗೂ ಕೇಳಿಸ್ತು! ಅಕ್ಕ ನಿಂತಳು, ಸದ್ದು ನಿಂತಿತು. ಅಕ್ಕ ಒಂದು ಹೆಜ್ಜೆ ಇಟ್ಟಳು, ಸರ್. ಅವಳ ಹಿಂದೆ ಮುಂದೆ ಯಾರೂ ಇಲ್ಲ. ನನ್ನ ಮೈ ಜುಮ್ಮೆಂದಿತು.

ಅದಕ್ಕಿಂತ ಹೆಚ್ಚು ಹೆದರಿದ್ದು ಆಮೇಲೆ ಅವಳು ಮಾಡಿದ್ದಕ್ಕೆ. ಆ ಪಾತ್ರೆ ಇಳಿಸ್ತೀನಿ ಅಂತ ಮೂರು ಕಾಲಿನ ಸ್ಟೂಲು ಹತ್ತಿದಳು. ಸ್ಟೂಲು ಗಡಗಡ ಅಂತು. ನಾನು ಓಡಿಹೋಗಿ ಸೊಂಟ ಹಿಡಿದುಕೊಂಡೆ. ಆಗ ಅವಳು "ಅಯ್ಯೋ ಬೆನ್ನು!" ಅಂತ ಚೀರಿದಳು. ಒಂದು ವರ್ಷದ ಹಿಂದೆ ನೀರಿನ ಬಕೆಟ್ ಎತ್ತುವಾಗ ಬೆನ್ನಲ್ಲಿ ಟಕ್ ಅಂದಿತ್ತಂತೆ. ಎಣ್ಣೆ ತಿಕ್ಕಿಕೊಂಡು ಸುಮ್ಮನಾಗಿದ್ದಳು.

ಅಷ್ಟರಲ್ಲಿ ಆಸ್ಪತ್ರೆಯ ನರ್ಸಮ್ಮ ತನ್ನ ಸಮವಸ್ತ್ರದ ತೋಳು ಬಿಗಿ ಮಾಡಿಸೋಕೆ ಬಂದಳು. ನಮ್ಮ ಮುಖ ನೋಡಿ "ಏನಾಯ್ತು, ದೆವ್ವ ಕಂಡೋರ ಹಾಗಿದ್ದೀರಲ್ಲ?" ಅಂದಳು. ಅಕ್ಕ ಎಲ್ಲ ಹೇಳಿದಳು. ನರ್ಸಮ್ಮ ನಗಲಿಲ್ಲ.

"ನಿಮ್ಮ ಪುಸ್ತಕದಲ್ಲಿ ಅಕ್ಕನ ಹಳೇ ಅಳತೆ ಇದೆಯಾ?" ಅಂತ ನನ್ನ ಕೇಳಿದಳು.

ಇತ್ತು. ಭುಜದಿಂದ ನೆಲಕ್ಕೆ ಐವತ್ತೊಂದು ಇಂಚು. "ಈಗ ಅಳೀರಿ" ಅಂದಳು. ಟೇಪು ಹಿಡಿದೆ. ನಲವತ್ತೆಂಟೂವರೆ. ಟೇಪು ಹಾಳಾಗಿದೆ ಅಂತ ಹೊಸದು ತೆಗೆದೆ. ನಲವತ್ತೆಂಟೂವರೆ.

ಅಕ್ಕ ನಮ್ಮಿಬ್ಬರ ಮುಖ ನೋಡಿದಳು. "ಹಾಗಾದ್ರೆ ಆ ಎರಡೂವರೆ ಇಂಚು ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ ಅಕ್ಕಾ" ಅಂದಳು ನರ್ಸಮ್ಮ. "ನಿಮ್ಮೊಳಗೇ ಕುಸಿದಿರಬೇಕು. ಅಟ್ಟಣಿಗೆ ಮೇಲೆ ಹೋಗಲಿಲ್ಲ, ನೀವು ಕೆಳಗೆ ಬಂದ್ರಿ. ಜೊತೇಲಿ ನಡೆಯೋದು, ಬೆನ್ನು ಬಾಗಿ ನೆಲಕ್ಕೆ ಎಳೆದಾಡ್ತಿರೋ ನಿಮ್ಮ ಗೌನಿನ ಅಂಚು."

ಅಕ್ಕ ಒಪ್ಪಲಿಲ್ಲ. "ನನ್ನ ಮೂಳೆಗೆ ಏನೂ ಆಗಿರಲ್ಲ. ಊರಲ್ಲಿರೋ ಮಾತ್ರೆಯೆಲ್ಲ ತಿಂತೀನಿ" ಅಂತ ಒಳಗಿಂದ ಒಂದು ಚೀಲ ತಂದು ಸುರಿದಳು. ನನಗೇ ಗೊತ್ತಿರಲಿಲ್ಲ! ಮೂರು ಸೀಸೆ, ಒಂದು ಡಬ್ಬ ಪುಡಿ. ಒಂದು ಫೋನಲ್ಲಿ ಜಾಹೀರಾತು ನೋಡಿ ತರಿಸಿದ್ದು, ಒಂದು ಪಕ್ಕದ ಮನೆಯವಳು ಹೇಳಿದ್ದು. ಬೆಳಗ್ಗೆ ಥೈರಾಯ್ಡ್ ಮಾತ್ರೆ ಜೊತೇಲೇ ಒಂದು ಹಿಡಿ ನುಂಗ್ತಿದ್ದಳಂತೆ.

ನರ್ಸಮ್ಮ ಒಂದೊಂದೇ ಚೀಟಿ ಓದಿದಳು. "ನಾಲ್ಕರಲ್ಲೂ ಇರೋದು ಕ್ಯಾಲ್ಸಿಯಂ. ಊಟ, ಮಾತ್ರೆ ಎಲ್ಲ ಸೇರಿ ನಿಮ್ಮ ವಯಸ್ಸಿಗೆ ದಿನಕ್ಕೆ ಸುಮಾರು ಸಾವಿರದ ಇನ್ನೂರು ಮಿಲಿಗ್ರಾಂ ಸಾಕು. ಒಂದೇ ಹೊತ್ತಿಗೆ ಹಿಡಿ ಹಿಡಿ ನುಂಗಿದರೆ ಮೈಗೆ ಹತ್ತಲ್ಲ. ಮಲಬದ್ಧತೆ ಆಗುತ್ತೆ, ಕೆಲವರಿಗೆ ಮೂತ್ರಪಿಂಡದಲ್ಲಿ ಕಲ್ಲು ಆಗುತ್ತೆ. ಥೈರಾಯ್ಡ್ ಮಾತ್ರೆ ಜೊತೆ ತಗೊಂಡ್ರೆ ಆ ಮಾತ್ರೇನೂ ಸರಿಯಾಗಿ ಕೆಲಸ ಮಾಡಲ್ಲ. ನಡುವೆ ನಾಲ್ಕು ಗಂಟೆ ಅಂತರ ಬೇಕು. ಅತಿಯಾದರೆ ಅಮೃತಾನೂ ವಿಷ ಅಲ್ವಾ ಅಕ್ಕಾ?"

"ಮತ್ತೆ ಇಷ್ಟು ತಿಂದೂ ಮೂಳೆ ಯಾಕೆ ಕುಸೀತು?"

"ಬಟ್ಟೆ ತಂದು ಗುಡ್ಡೆ ಹಾಕಿದ್ರೆ ಅಂಗಿ ಆಗುತ್ತಾ? ಹೊಲಿಯೋರು ಬೇಡ್ವಾ? ಮುಟ್ಟು ನಿಂತ ಮೇಲೆ ಮೂಳೆ ಕಾಯೋ ಹಾರ್ಮೋನು ಕಡಿಮೆ ಆಗುತ್ತೆ. ಮೊದಲ ಕೆಲವು ವರ್ಷ ಮೂಳೆ ಬೇಗ ಬೇಗ ಸವೆಯುತ್ತೆ. ಕ್ಯಾಲ್ಸಿಯಂ ಹೀರಿಕೊಳ್ಳೋಕೆ ವಿಟಮಿನ್ ಡಿ ಬೇಕು. ಅದಕ್ಕೆ ಮೈಗೆ ಬಿಸಿಲು ಬೀಳಬೇಕು, ಗಾಜಿನ ಹಿಂದೆ ಕೂತರೆ ಸಿಗಲ್ಲ. ಹಾಗಂತ ಅದನ್ನೂ ಮನಸ್ಸಿಗೆ ಬಂದಷ್ಟು ನುಂಗೋ ಹಾಗಿಲ್ಲ, ಡಾಕ್ಟರು ಹೇಳಿದಷ್ಟೇ. ಮೈಗೆ ಕೆಲಸ ಕೊಡಬೇಕು, ನಡೀಬೇಕು. ಇಷ್ಟಾದ್ರೂ ಮೂಳೆ ತೀರಾ ಸವೆದಿದ್ರೆ ಅದಕ್ಕೆ ಬೇರೆ ಔಷಧ ಇದೆ. ಕ್ಯಾಲ್ಸಿಯಂ ಒಂದರಿಂದ ಆಗೋ ಕೆಲಸ ಅಲ್ಲ. ನಾಳೇನೇ ಬನ್ನಿ. ಇವತ್ತು ಸ್ಟೂಲಿಂದ ಬಿದ್ದಿದ್ರೆ ಸೊಂಟದ ಮೂಳೆ ಮುರೀತಿತ್ತು. ಈ ವಯಸ್ಸಲ್ಲಿ ಸೊಂಟ ಮುರಿದು ಮಲಗಿದ ಎಷ್ಟೋ ಜನ ಮತ್ತೆ ಮೊದಲಿನ ಹಾಗೆ ಎದ್ದು ಓಡಾಡಲಿಲ್ಲ."

ಮಾರನೇ ದಿನ ಆಸ್ಪತ್ರೇಲಿ ಎಕ್ಸ್‌ರೇ ತೆಗೆದರು. ಡಾಕ್ಟರಮ್ಮ ಅದನ್ನ ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನಿನ ಎರಡು ಮೂಳೆ ಜಜ್ಜಿಹೋದ ಡಬ್ಬದ ಹಾಗೆ ಚಪ್ಪಟೆ. ಒಂದು ಬಕೆಟ್ ಎತ್ತಿದ ದಿನದ್ದಿರಬೇಕು, ಇನ್ನೊಂದು ಯಾವಾಗ ಮುರೀತು ಅಂತ ಅಕ್ಕನಿಗೇ ಗೊತ್ತಿಲ್ಲ. ನೋವೇ ಬಂದಿರಲಿಲ್ಲ.

ಅಕ್ಕ ಆ ಚಪ್ಪಟೆ ಮೂಳೆ ಮೇಲೆ ಬೆರಳಿಟ್ಟಳು. "ದೆವ್ವ ಆಗಿದ್ರೆ ಒಳ್ಳೇದಿತ್ತು ಕಣೇ. ಬೈದು ಓಡಿಸಬಹುದಿತ್ತು" ಅಂದಳು.

ನನಗೆ ತಡೆಯೋಕಾಗಲಿಲ್ಲ. ಅಲ್ಲೇ ಬೆಂಚಿನ ಮೇಲೆ ಎಲ್ಲ ಬಾಯಿಬಿಟ್ಟೆ. ನೀನು ಸ್ನಾನಕ್ಕೆ ಹೋದಾಗ ನಾನೇ ಅಂಚು ಮಡಚ್ತಿದ್ದೆ ಅಕ್ಕ, ಮೂರು ವರ್ಷದಿಂದ, ಐದು ಸಲ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಮೊದಲನೇ ಸಲಾನೇ ಹೇಳಿದ್ದಿದ್ರೆ, ಒಂದಾದ್ರೂ ಮೂಳೆ ಉಳೀತಿತ್ತೇನೋ" ಅಂದಳು. ಆ ಮಾತು ಇವತ್ತಿಗೂ ನನ್ನನ್ನ ಚುಚ್ಚುತ್ತೆ.

ಈಗ ಅಕ್ಕ ಡಾಕ್ಟರಮ್ಮ ಕೊಟ್ಟ ಔಷಧ ಬಿಡದೆ ತಗೊಳ್ತಾಳೆ. ಕ್ಯಾಲ್ಸಿಯಂ ಒಂದೇ ಸೀಸೆ, ಊಟದ ಜೊತೆ. ಹಾಲು, ಮೊಸರು, ಸೊಪ್ಪು, ಮೊಟ್ಟೆ ದಿನಾ ಯಾವುದಾದ್ರೂ ಇರುತ್ತೆ. ಬೆಳಗಿನ ಬಿಸಿಲಲ್ಲಿ ಇಬ್ಬರೂ ನಡೀತೀವಿ. ಪಾತ್ರೆಗಳನ್ನೆಲ್ಲ ಕೆಳಗಿಳಿಸಿದ್ದೀವಿ, ಬಚ್ಚಲಲ್ಲಿ ಹಿಡಿದುಕೊಳ್ಳೋಕೆ ಕಂಬಿ ಹಾಕಿಸಿದ್ದೀವಿ. ನನಗೆ ಐವತ್ತಮೂರು, ಮುಟ್ಟು ನಿಂತು ಎರಡು ವರ್ಷ. ನರ್ಸಮ್ಮ ನನ್ನನ್ನೂ ಗೋಡೆಗೆ ನಿಲ್ಲಿಸಿ ಅಳೆದಳು. ಎಷ್ಟು ಅಂತ ಹೇಳಲ್ಲ, ಆದರೆ ಅವತ್ತಿಂದ ನಡೆಯೋಕೆ ಒಂದು ದಿನಾನೂ ತಪ್ಪಿಸಿಲ್ಲ.

ಒಂದು ವರ್ಷ ಆಯ್ತು. ಅಕ್ಕನ ಅಳತೆ ಇನ್ನೂ ನಲವತ್ತೆಂಟೂವರೇನೇ. ಹೋದದ್ದು ವಾಪಸ್ ಬರಲ್ಲ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಇದ್ದದ್ದು ಉಳಿದಿದೆಯಲ್ಲ, ಅದೇ ದೊಡ್ಡದು.

ಅಕ್ಕ ತಂಗೀರೇ, ಇದನ್ನ ಓದಿ ಮಡಚಿಡಬೇಡಿ. ಮುಟ್ಟು ನಿಂತಿದ್ದರೆ ಇವತ್ತೇ ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಂತು, ಎತ್ತರ ಅಳೆಸಿ ಬರೆದಿಡಿ. ಮೊದಲಿಗಿಂತ ಒಂದೂವರೆ ಇಂಚು ಕಮ್ಮಿಯಾಗಿದ್ದರೆ, ಬೆನ್ನು ಬಾಗ್ತಿದ್ದರೆ, ಸಣ್ಣ ಪೆಟ್ಟಿಗೇ ಮೂಳೆ ಮುರಿದಿದ್ದರೆ ಆಸ್ಪತ್ರೆಗೆ ಹೋಗಿ. ನೀವು ನುಂಗ್ತಿರೋ ಮಾತ್ರೆ ಸೀಸೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ. ಇನ್ನು ಮನೇಲಿ ಅಮ್ಮ, ಅತ್ತೆ, ಚಿಕ್ಕಮ್ಮ ಕುಗ್ತಿರೋದು ನಿಮ್ಮ ಕಣ್ಣಿಗೆ ಬಿದ್ದರೆ, ದಮ್ಮಯ್ಯ ಅಂತೀನಿ, ನನ್ನ ಹಾಗೆ ಬಾಯಿ ಮುಚ್ಚಿಕೊಂಡಿರಬೇಡಿ. ಹೇಳಿಬಿಡಿ.