ಮೂವತ್ತು ಬಂದರೆ ಮಳೆ ಫೇಲು

ನಮ್ಮ ದುರ್ಗಿಗುಡಿಯ ಓಣಿಯಲ್ಲಿ ಅಭಿಪ್ರಾಯಗಳಿಗೆ ಬರವಿಲ್ಲ. ಮಹಡಿ ಮೇಲೆ ಸೋಲಾರ್ ಹಾಕಿಸಿದರೆ ಬಿಸಿಲಿನ ಸತ್ವವನ್ನೆಲ್ಲ ಅದೇ ಹೀರಿಕೊಂಡು ಪಕ್ಕದ ಮನೆಯ ಹಪ್ಪಳ ಒಣಗುವುದಿಲ್ಲ ಎಂದು ಎದುರುಮನೆಯ ಕಲ್ಲಮ್ಮ ನಂಬಿದ್ದಾರೆ. ಕರೆಂಟಿನ ಸ್ಕೂಟರನ್ನು ಮಳೆಯಲ್ಲಿ ಓಡಿಸಿದರೆ ಶಾಕ್ ಹೊಡೆಯುತ್ತದೆ ಎಂದು ಅವರ ಯಜಮಾನರಾದ ಶಿವಯೋಗಪ್ಪನವರು ನಂಬಿದ್ದಾರೆ. ಹಾಗೆ ಹೇಳುತ್ತಲೇ ಮೊಮ್ಮಗಳ ಅಂಥದ್ದೇ ಸ್ಕೂಟರಿನ ಹಿಂದೆ ಕೂತು ದಿನಾ ಪೇಟೆಗೆ ಹೋಗಿಬರುತ್ತಾರೆ. ಇಬ್ಬರೂ ಒಳ್ಳೆಯವರು, ಕಷ್ಟ ಎಂದರೆ ಮೊದಲು ಓಡಿಬರುವವರೂ ಅವರೇ. ಆದರೆ ಹವಾಮಾನದ ವಿಷಯದಲ್ಲಿ ಇವರು ನನ್ನ ತಾಳ್ಮೆಯನ್ನು ಪರೀಕ್ಷಿಸಿದಷ್ಟು, ಭದ್ರಾವತಿಯ ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷ ಗಣಿತ ಹೇಳಿಕೊಟ್ಟಾಗಲೂ ಯಾರೂ ಪರೀಕ್ಷಿಸಿರಲಿಲ್ಲ.

ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ಗೇಟಿಗೆ ಒಂದು ಕಪ್ಪುಹಲಗೆ ತಗುಲಿಹಾಕಿದೆ. ದಿನಾ ಸಂಜೆ ಹವಾಮಾನ ಇಲಾಖೆಯವರು ಹೇಳಿದ್ದನ್ನು ಫೋನಿನಲ್ಲಿ ನೋಡಿ, ನಾಳೆ ಮಳೆ ಬರುವ ಸಾಧ್ಯತೆ ಶೇಕಡಾ ಎಷ್ಟು ಎಂದು ಅದರ ಮೇಲೆ ಬರೆಯುತ್ತಿದ್ದೆ. ಜನ ನಿಂತು ಓದುತ್ತಿದ್ದರು. ನಾಲ್ಕು ಜನಕ್ಕೆ ಉಪಕಾರವಾಗುತ್ತಿದೆ ಎಂದು ನಾನೂ ಬೀಗಿದ್ದೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕಲ್ಲಮ್ಮ ನೆನೆದು ಮುದ್ದೆಯಾದ ಹಪ್ಪಳದ ಸೀರೆಯನ್ನು ಎತ್ತಿಕೊಂಡು ನೇರ ನಮ್ಮ ಗೇಟಿಗೆ ಬಂದರು.

"ಏನ್ ತನುಜಮ್ಮ, ಮೂವತ್ತು ಅಂತ ಬರ್ದಿದ್ರಿ. ನೋಡಿ ಇಲ್ಲಿ, ಮುನ್ನೂರು ಹಪ್ಪಳ."

"ಮೂವತ್ತು ಅಂದ್ರೆ ಬರಬಹುದು ಅಂತಾನೇ ಅಲ್ವಾ ಕಲ್ಲಮ್ಮ?"

"ಹೆಂಗ್ ಬರುತ್ತೆ ಮಾರಾಯ್ತಿ? ಮೂವತ್ತೈದಕ್ಕೆ ಪಾಸು. ಮೂವತ್ತು ಬಂದ್ರೆ ಫೇಲು ತಾನೇ?"

ಆಮೇಲೆ ವಿಚಾರಿಸಿದರೆ ಇಡೀ ಓಣಿಯ ಲೆಕ್ಕ ಅದೇ. ಮೂವತ್ತೈದರ ಒಳಗೆ ಬರೆದಿದ್ದರೆ ಮಳೆ ಇಲ್ಲ. ಐವತ್ತಿದ್ದರೆ ಸೆಕೆಂಡ್ ಕ್ಲಾಸು, ಒಂದು ಸಣ್ಣ ಹದಮಳೆ ಬರುತ್ತದೆ. ಎಂಬತ್ತೈದು ದಾಟಿದರೆ ಡಿಸ್ಟಿಂಕ್ಷನ್, ಅಂದು ಯಾರೂ ಬಟ್ಟೆ ಒಗೆಯುತ್ತಿರಲಿಲ್ಲ. ಕೋಪ ಬಂದು ಹಲಗೆಯನ್ನು ಕಿತ್ತು ಅಟ್ಟಕ್ಕೆ ಎಸೆಯೋಣ ಎನ್ನಿಸಿತು. ಆದರೆ ಬೈಯುವುದು ಯಾರನ್ನು? ಮೂವತ್ತೈದು ಎಂಬ ಗೆರೆಯನ್ನು ಕೆಂಪು ಪೆನ್ನಿನಲ್ಲಿ ಎಳೆದು ಎಳೆದು ಈ ಜಿಲ್ಲೆಯ ಅರ್ಧ ಮಕ್ಕಳ ತಲೆಯಲ್ಲಿ ಕೂರಿಸಿದವರಲ್ಲಿ ನಾನೂ ಒಬ್ಬಳು.

ಮೇ ಎರಡನೇ ವಾರದಲ್ಲಿ ಚಂದ್ರಹಾಸ ಬಂದ. ನನ್ನ ಹಳೆಯ ವಿದ್ಯಾರ್ಥಿ. ಒಂಬತ್ತನೇ ತರಗತಿಯಲ್ಲಿ ಗಣಿತಕ್ಕೆ ಮೂವತ್ತಮೂರು ಬಂದಿತ್ತು. ಎರಡು ಅಂಕ ಕೊಟ್ಟು ದಾಟಿಸಿ ಎಂದು ಹೆಡ್‌ಮಾಸ್ತರರೇ ಹೇಳಿದ್ದರು. ನಾನು ಕೊಡಲಿಲ್ಲ. ಅವನು ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಹೋದ, ಇವತ್ತು ಭದ್ರಾವತಿಯಲ್ಲಿ ಹೆಸರಿರುವ ಮೇಸ್ತ್ರಿ. ಊರಿಗೆಲ್ಲ ಮನೆ ಕಟ್ಟಿಕೊಟ್ಟವನು ಎಂಟು ವರ್ಷ ಒದ್ದಾಡಿ ಈಗ ತನ್ನದೇ ಒಂದು ಮನೆ ಕಟ್ಟುತ್ತಿದ್ದ. ಗೋಡೆ ಎದ್ದಿತ್ತು, ತಾರಸಿಯ ಮೋಲ್ಡ್ ಹಾಕುವುದು ಬಾಕಿ.

"ಭಾನುವಾರ ಮೋಲ್ಡು, ಟೀಚರ್. ನೀವು ಬರ್ಲೇಬೇಕು. ಅಮ್ಮ ಹೋಳಿಗೆ ಮಾಡಿಸ್ತಿದ್ದಾಳೆ," ಎಂದು ಬಾಳೆಹಣ್ಣು ಕೈಗಿಟ್ಟ. ನಮ್ಮ ಕಡೆ ಮೋಲ್ಡ್ ಹಾಕುವ ದಿನವೆಂದರೆ ಅರ್ಧ ಗೃಹಪ್ರವೇಶವಿದ್ದ ಹಾಗೆ. ಕೊನೆಯ ಬಾಂಡ್ಲಿ ಕಾಂಕ್ರೀಟು ಬಿದ್ದ ಮೇಲೆ ಕೆಲಸದವರು, ನೆಂಟರು ಎಲ್ಲ ಒಟ್ಟಿಗೆ ಊಟಕ್ಕೆ ಕೂರುತ್ತಾರೆ, ಅಲ್ಲಿಯವರೆಗೆ ಎಲೆ ಹಾಕುವುದಿಲ್ಲ.

ಹೊರಡುವಾಗ ಗೇಟಿನ ಹಲಗೆ ನೋಡಿ ಕೇಳಿದ, "ಭಾನುವಾರಕ್ಕೆ ಎಷ್ಟು ಬಿದ್ದಿದೆ ಟೀಚರ್, ಮಳೆಗೆ?"

ಫೋನು ನೋಡಿದೆ. "ಮಧ್ಯಾಹ್ನ ಎರಡರ ಮೇಲೆ ಮೂವತ್ತು ಅಂತಿದೆ."

ಅವನ ಮುಖ ಅರಳಿತು. "ಮೂವತ್ತಾ? ಹಂಗಾದ್ರೆ ಫೇಲು. ಬಚಾವಾದೆ."

"ಫೇಲೂ ಅಲ್ಲ ಗೀಲೂ ಅಲ್ಲ. ಬಂದ್ರೂ ಬರುತ್ತೆ."

ಚಂದ್ರಹಾಸನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಚುಚ್ಚಿತು. "ಮೂವತ್ತಮೂರು ತಗೊಂಡ ನನ್ನ ಕೂರಿಸಿದ್ರಿ. ಮಳೆನ ಮೂವತ್ತಕ್ಕೇ ಪಾಸ್ ಮಾಡ್ತೀರಲ್ಲ ಟೀಚರ್."

ಆದರೆ ಅವನನ್ನು ಸುಮ್ಮನೆ ಕಳಿಸುವುದು ಸಾಧ್ಯವಿರಲಿಲ್ಲ. ಹಸಿ ಕಾಂಕ್ರೀಟಿನ ಮೇಲೆ ಜೋರು ಮಳೆ ಬಿದ್ದರೆ ಸಿಮೆಂಟಿನ ಹಾಲೆಲ್ಲ ತೊಳೆದುಹೋಗುತ್ತದೆ. ಹಾಗಾದ ಮೋಲ್ಡು ಜನ್ಮವಿಡೀ ಸೋರುತ್ತದೆ. ಅವನ ತಾಯಿ ಚಿನ್ನಮ್ಮ ಬಾಡಿಗೆ ಶೀಟಿನ ಮನೆಯಲ್ಲಿ ಸೋರುವ ಮೂಲೆ ಬಿಟ್ಟು ಸೋರದ ಮೂಲೆಯಲ್ಲಿ ಮಲಗಿ ಆಯುಷ್ಯ ಕಳೆದವಳು.

"ಭಾನುವಾರ ಬಿಟ್ಟು ಮುಂದಕ್ಕೆ ಹಾಕು," ಎಂದೆ.

"ಆಗಲ್ಲ ಟೀಚರ್. ಮಿಕ್ಸರ್ ಗ್ಯಾಂಗು ಮತ್ತೆ ಸಿಗೋದು ಜೂನ್ ಕೊನೆಗೆ. ಅಷ್ಟೊತ್ತಿಗೆ ಮುಂಗಾರು ಹಿಡ್ಕೊಂಡಿರುತ್ತೆ, ದೀಪಾವಳಿ ತನಕ ಕಾಯ್ಬೇಕು. ಅಮ್ಮ ಇನ್ನೊಂದು ಮಳೆಗಾಲ ಆ ಶೀಟಿನ ಕೆಳಗೇ."

ಇಪ್ಪತ್ತೇಳು ವರ್ಷದ ಪಾಠದಲ್ಲಿ ಸಂಭವನೀಯತೆಯ ಅಧ್ಯಾಯಕ್ಕೆ ನಾನು ಬಳಸಿದ್ದು ಬರೀ ನಾಣ್ಯ ಮತ್ತು ದಾಳ. ಅವೆರಡೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. ಯೋಚಿಸಿ ಕೇಳಿದೆ, "ಚಂದ್ರಹಾಸ, ನಿನ್ನ ಹತ್ರ ಹತ್ತು ಹಲಗೆ ಇದಾವೆ ಅಂತ ಇಟ್ಕೋ. ಮೂರು ಒಳಗೇ ಕೊಳೆತಿವೆ, ಹೊರಗಿಂದ ಗೊತ್ತಾಗಲ್ಲ. ಕಣ್ಮುಚ್ಚಿ ಒಂದು ಎತ್ಕೊಂಡು ಎರಡನೇ ಮಹಡಿಗೆ ಕಟ್ಟಿದೆ. ಅದರ ಮೇಲೆ ಬಾಂಡ್ಲಿ ಹೊತ್ಕೊಂಡು ನಿಲ್ತೀಯಾ?"

ನಿಲ್ಲುವುದಿಲ್ಲ ಎನ್ನುತ್ತಾನೆ, ಹಾಗಾದರೆ ಭಾನುವಾರವೂ ಬೇಡ ಎನ್ನೋಣ ಎಂದು ನನ್ನ ಲೆಕ್ಕ. ಅವನು ಗಡ್ಡ ಕೆರೆದುಕೊಂಡ. "ನಿಲ್ದೇ ಇದ್ರೆ ಕೆಲ್ಸ ಹೆಂಗಾಗುತ್ತೆ ಟೀಚರ್? ನಿಲ್ತೀನಿ. ಆದ್ರೆ ಅದರಡಿಗೆ ಇನ್ನೊಂದು ಹಲಗೆ ಕೊಟ್ಟು ನಿಲ್ತೀನಿ."

ಒಮ್ಮೆ ಗೇಟಿನ ಕಪ್ಪುಹಲಗೆ ನೋಡಿದ, ಒಮ್ಮೆ ಆಕಾಶ ನೋಡಿದ. "ಓ," ಎಂದ. "ಮೂವತ್ತು ಅಂದ್ರೆ ಅದಾ?"

"ಅದೇ."

"ಹಂಗಾದ್ರೆ ಟಾರ್ಪಾಲು ಬೇಕು. ಎಂಟೂವರೆ ಬದ್ಲು ಆರಕ್ಕೇ ಶುರು ಮಾಡ್ಬೇಕು. ಮಧ್ಯಾಹ್ನ ಎರಡರೊಳಗೆ ಮುಗಿಸ್ಬೇಕು." ಬೆರಳು ಮಡಿಸುತ್ತಾ ಹೇಳಿದ. ನಾನು ಹೇಳಿಕೊಡಲು ಹೊರಟಿದ್ದು ಹೆದರಿಕೊಳ್ಳುವುದನ್ನು, ಅವನು ಕಲಿತದ್ದು ಸಿದ್ಧನಾಗುವುದನ್ನು. ಮೇಷ್ಟ್ರುಗಿರಿಯಲ್ಲಿ ಇಂಥ ಸೋಲು ಸಿಕ್ಕರೆ ಪುಣ್ಯ.

ಟಾರ್ಪಾಲು ಕೊಟ್ಟವರು ಶಿವಯೋಗಪ್ಪನವರು. ಅಡಿಕೆ ಒಣಗಿಸುವ ದೊಡ್ಡ ಟಾರ್ಪಾಲುಗಳು, ಕೊಯ್ಲು ಮುಗಿದು ಸುಮ್ಮನೆ ಬಿದ್ದಿದ್ದವು. "ಮೂವತ್ತಕ್ಕೆ ಮಳೆ ಬಂದಿದ್ದು ನಾ ಕಂಡಿಲ್ಲ. ನಮ್ಮನೆಯವಳ ಹಪ್ಪಳ ನೆನೆದಿದ್ದು ಅವಳ ಹಣೆಬರಹ," ಎಂದು ಗೊಣಗುತ್ತಲೇ ಆರು ಟಾರ್ಪಾಲುಗಳನ್ನು ಗೂಡ್ಸ್ ಆಟೋಗೆ ಹಾಕಿಸಿದರು.

ಭಾನುವಾರ ಮೊದಲ ಬಸ್ಸಿಗೆ ಹೊರಟು ನಾನು ಭದ್ರಾವತಿ ತಲುಪುವಾಗ ಮಿಕ್ಸರಿಗೆ ಪೂಜೆಯಾಗಿ ಕೆಲಸ ಶುರುವಾಗಿತ್ತು. ಜಲ್ಲಿ, ಮರಳು, ಸಿಮೆಂಟು ಒಳಗೆ ಹೋಗಿ, ಕಲಸಿದ ಕಾಂಕ್ರೀಟು ಲಿಫ್ಟಿನಲ್ಲಿ ಮೇಲೇರುತ್ತಿತ್ತು. ಮೇಲೆ ಇಪ್ಪತ್ತು ಜನ ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು, ಕನ್ನಡ ತಮಿಳು ತೆಲುಗು ಮೂರರಲ್ಲೂ ಬೈಗುಳ ಕೇಳುತ್ತಿತ್ತು. ಸುತ್ತ ಬಿದಿರಿನ ಗಳ ನೆಟ್ಟು, ನಿಲ್ಲಲು ಅಟ್ಟಣೆ ಮಾಡಿ, ಹಗ್ಗ ಕಟ್ಟಿ, ಟಾರ್ಪಾಲುಗಳನ್ನು ಒಂದು ಅಂಚಿನಲ್ಲಿ ಸುತ್ತಿಟ್ಟಿದ್ದರು. ಎಳೆದರೆ ಇಡೀ ಮೋಲ್ಡಿನ ಮೇಲೆ ಚಪ್ಪರವಾಗಬೇಕು.

ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಬಿಸಿಲು ಸುಡುತ್ತಿತ್ತು. ಚಂದ್ರಹಾಸನ ಹೆಂಡತಿಯ ತಮ್ಮ ಸುನಿಲ್ ಎಂಬವನು ಟಾರ್ಪಾಲುಗಳ ಕಡೆ ಕೈ ತೋರಿಸಿ ಬಂದವರಿಗೆಲ್ಲ ಹೇಳುತ್ತಿದ್ದ, "ನಮ್ ಭಾವ ಅಡಿಕೆ ಒಣಗಿಸ್ತಾರಂತೆ ಇವತ್ತು." ನನ್ನನ್ನು ಕಂಡು ನಾಲಿಗೆ ಕಚ್ಚಿಕೊಂಡ. ನಾನು ಕೇಳಿಸದವಳಂತೆ ನೀರು ಕುಡಿದೆ.

ಒಂದೂಮುಕ್ಕಾಲಿಗೆ ಕೊನೆಯ ಬಾಂಡ್ಲಿ ಬಿತ್ತು. ಚಿನ್ನಮ್ಮ ಅದನ್ನು ತಾನೇ ಹಿಡಿದು ಸುರಿದಳು, ಕೆಲಸದವರು ಶಿಳ್ಳೆ ಹಾಕಿದರು. ಚಂದ್ರಹಾಸ ಉದ್ದ ಪಟ್ಟಿ ಎಳೆದು ಮೇಲ್ಮೈ ಸಮ ಮಾಡಿದ. ಕೆಳಗೆ ಎಲೆ ಹಾಕಿದರು. ಬೆಳಗಿನಿಂದ ದುಡಿದವರು ಹಸಿದಿದ್ದರು. ಅವನು ಮಾತ್ರ ಆರು ಜನರನ್ನು ಹಗ್ಗದ ಹತ್ತಿರ ನಿಲ್ಲಿಸಿದ. "ಮೇಲಿನ ನೀರು ಆರೋ ತನಕ ಮುಚ್ಚಂಗಿಲ್ಲ, ಮೂರೂವರೆ ತನಕ ಸರದಿ ಮೇಲೆ ಉಣ್ಣಿ. ಹಗ್ಗ ಬಿಟ್ಟು ಯಾರೂ ಬರಂಗಿಲ್ಲ."

"ಏನ್ ಭಾವ, ಹೋಳಿಗೆ ಆರಿ ಹೋಗ್ತಿದೆ. ಮೂವತ್ತಕ್ಕೆ ಯಾವ ಮಳೆ ಬರುತ್ತೆ?" ಎಂದ ಸುನಿಲ್.

"ಹತ್ತರಲ್ಲಿ ಮೂರು ಹಲಗೆ ಕೊಳೆತಿವೆ ಮಾರಾಯ. ನೀನು ಹಗ್ಗ ಹಿಡಿ."

ಎರಡೂಕಾಲು. ಎರಡೂವರೆ. ಆಗ ನನ್ನೊಳಗೆ ಒಂದು ಕೆಟ್ಟ ವಿಷಯ ನಡೆಯಿತು, ಮುಚ್ಚಿಡದೆ ಹೇಳುತ್ತೇನೆ. ಮಳೆ ಬರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಬಾರದಿದ್ದರೂ ಲೆಕ್ಕ ಸರಿಯೇ, ಹತ್ತರಲ್ಲಿ ಏಳು ಸಲ ಬರುವುದಿಲ್ಲ ಎಂದೇ ಅದರ ಅರ್ಥ. ಆದರೆ ಅದನ್ನು ಸುನಿಲನಂಥವರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಎಂಟು ವರ್ಷದ ಬೆವರು ಹಸಿಯಾಗಿ ಮೇಲೆ ಮಲಗಿದೆ, ನಾನು ಕೆಳಗೆ ಕೂತು ನನ್ನ ಮಾತು ಗೆಲ್ಲಲೆಂದು ಅದರ ಮೇಲೆ ಮಳೆ ಕೋರುತ್ತಿದ್ದೇನೆ. ಛೀ ತನುಜಾ ಎಂದುಕೊಂಡೆ. ಎದ್ದು ಹೋಗಿ ನಾನೂ ಒಂದು ಹಗ್ಗ ಹಿಡಿದೆ.

ಎರಡೂಮುಕ್ಕಾಲಿಗೆ ಗಾಳಿ ತಿರುಗಿತು. ಬಡಿಸುತ್ತಿದ್ದವರ ಕೈಯ ಎಲೆಗಳು ಹಾರಿದವು. ಪಶ್ಚಿಮದ ಕಡೆಯಿಂದ ಬಂದ ಕಪ್ಪು, ಅನ್ನ ಬೇಯುವಷ್ಟು ಹೊತ್ತೂ ಕೊಡದೆ ತಲೆಯ ಮೇಲಿತ್ತು.

"ಎಳೀರೋ," ಎಂದ ಚಂದ್ರಹಾಸ.

ಎಳೆದೆವು. ಊಟಕ್ಕೆ ಕೂತವರೆಲ್ಲ ಎಂಜಲು ಕೈಯಲ್ಲೇ ಎದ್ದು ಬಂದರು. ಮೊದಲ ಟಾರ್ಪಾಲು ಬಿಚ್ಚಿಕೊಂಡು ಓಡಿತು, ಎರಡನೆಯದು ಓಡಿತು, ಮೂರನೆಯದು ನಡುವೆ ಸಿಕ್ಕಿಕೊಂಡಿತು. ಕಾಲಿಡುವ ಹಾಗಿಲ್ಲ, ಕೆಳಗೆ ಹಸಿ ಕಾಂಕ್ರೀಟು. ಸುನಿಲ್ ಹೊರಗಿನ ಗಳವನ್ನು ಕೋತಿಯ ಹಾಗೆ ಹತ್ತಿ ತುದಿಯಲ್ಲಿ ತೂಗುತ್ತಾ ಗಂಟು ಬಿಡಿಸಿದ. ಆರನೆಯ ಟಾರ್ಪಾಲಿನ ಅಂಚು ಕಟ್ಟುವಾಗ ಮೊದಲ ಹನಿ ನನ್ನ ಕನ್ನಡಕಕ್ಕೆ ಬಿತ್ತು. ಮರುಕ್ಷಣ ಆಲಿಕಲ್ಲು.

ಅರ್ಧ ಗಂಟೆ ಸುರಿಯಿತು. ಟಾರ್ಪಾಲು ನೀರು ತುಂಬಿ ಜಗ್ಗಿದಲ್ಲೆಲ್ಲ ಅಂಚಿನಿಂದ ಗಳದಲ್ಲಿ ಎತ್ತಿ ಎತ್ತಿ ಹೊರಗೆ ಸುರಿದೆವು. ನನ್ನ ಅಂಗೈ ಸುಲಿದಿತ್ತು, ಸೀರೆ ಮೈಗೆ ಅಂಟಿತ್ತು, ಅರವತ್ತೊಂದು ವರ್ಷದಲ್ಲಿ ಅಷ್ಟು ಖುಷಿಯಾಗಿ ನಾನು ಎಂದೂ ನೆನೆದಿರಲಿಲ್ಲ.

ಮಳೆ ನಿಂತ ಮೇಲೆ ಚಂದ್ರಹಾಸ ಒಂದು ಮೂಲೆ ಎತ್ತಿ ಬಗ್ಗಿ ನೋಡಿದ. ಪಟ್ಟಿ ಎಳೆದ ಗೆರೆಗಳು ಎಳೆದ ಹಾಗೇ ಇದ್ದವು, ಒಂದು ಹನಿಯ ಗುರುತೂ ಇರಲಿಲ್ಲ. ಅವನು ತಿರುಗಿ ಮೂಗು ಒರೆಸಿಕೊಂಡ. ನಾವು ಗೆದ್ದಿದ್ದೆವು. ಇಪ್ಪತ್ತು ಜನ ಒಟ್ಟಿಗೆ ಕೂಗಿದ ಕೂಗಿಗೆ ಪಕ್ಕದ ಬೀದಿಯವರು ಬಾಗಿಲು ತೆಗೆದು ನೋಡಿದರು.

ಹೋಳಿಗೆ ತಣ್ಣಗಾಗಿತ್ತು. ತಿನ್ನುತ್ತಾ ಸುನಿಲ್ ಬಂದು ನನ್ನ ಪಕ್ಕ ಕೂತ. ತಲೆ ತಗ್ಗಿಸಿ ಕೇಳಿದ, "ನಾಳೆಗೆ ಎಷ್ಟಂತೆ ಮೇಡಂ?"

ನೋಡಿದೆ. "ಎಂಬತ್ತು."

ಅವನ ಕೈಯ ತುತ್ತು ಅಲ್ಲೇ ನಿಂತಿತು. ಚಂದ್ರಹಾಸ ಮಾತ್ರ ನಕ್ಕುಬಿಟ್ಟ. "ಬರ್ಲಿ ಬಿಡೋ. ರಾತ್ರಿ ಕಳೆದ್ರೆ ಗಟ್ಟಿಯಾಗುತ್ತೆ. ನಾಳೆಯಿಂದ ಮೋಲ್ಡು ಬಿರುಕು ಬಿಡ್ದೇ ಇರ್ಲಿ ಅಂತ ನೀರು ಕಟ್ಬೇಕಲ್ಲ, ಇಪ್ಪತ್ತು ದಿನ. ಅದೇ ಬಂದು ಕಟ್ಲಿ."

ಮರುದಿನ ನಾನು ಮತ್ತೆ ಹೋದೆ, ಇಲ್ಲದಿದ್ದರೆ ಮನಸ್ಸು ತಡೆಯುತ್ತಿರಲಿಲ್ಲ. ಟಾರ್ಪಾಲು ತೆಗೆದಿದ್ದರು. ಮೋಲ್ಡಿನ ಮೇಲೆ ಗಾರೆಯಿಂದ ಚಿಕ್ಕ ಚಿಕ್ಕ ಕಟ್ಟೆ ಕಟ್ಟಿ ಪಾತಿ ಮಾಡಿದ್ದರು. ಸಂಜೆ ನಾಲ್ಕಕ್ಕೆ ಗುಡುಗು ಮಿಂಚಿಲ್ಲದ ಸೋನೆ ಹಿಡಿಯಿತು, ಪಾತಿಗಳು ಒಂದೊಂದಾಗಿ ತುಂಬಿದವು. ಕೆಳಗೆ ಬಾ ಅಮ್ಮ, ನೆನೆದು ಜ್ವರ ಬರುತ್ತೆ ಎಂದು ಚಂದ್ರಹಾಸ ಕರೆಯುತ್ತಿದ್ದ. ಚಿನ್ನಮ್ಮ ತನ್ನ ಮನೆಯ ನೆತ್ತಿಯ ಮೇಲೆ ಸೆರಗು ಕೂಡ ಹೊದೆಯದೆ ನಿಂತಿದ್ದಳು.

"ಕೆಳಗೆ ಬಂದು ನಿಲ್ಲೋಕೆ ಇನ್ನು ಜನ್ಮ ಇಡೀ ಇದೆ ಕಣೋ," ಎಂದಳು. "ಇದೊಂದು ಮಳೆ ನಾನು ಮೇಲೆ ನಿಂತು ನೋಡ್ತೀನಿ."